ಉಚ್ಚಾರಣೆ ಬದಲಾದ್ರೆ ವ್ಯಾಕರಣನೂ ಬದಲಾಗುತ್ತಾ?

ಬದಲಾಗುತ್ತೆ, ಹಂಗೇ ವ್ಯಾಕರಣನೂ ಉಚ್ಚಾರಣೆನ ಎಳೆದುಕೊಂಡು ಹೋಗುತ್ತೆ.

ಮೊದಲು ಕನ್ನಡದ್ದೇ ನೋಡಿ. ಹಳಗನ್ನಡದಲ್ಲಿ ‘ರಾಮಂ’ ಅಂದ್ರೆ ಕರ್ತೃ, ‘ರಾಮನಂ’ ಕರ್ಮ, ‘ರಾಮನ’ ಷಷ್ಠಿ, ಅಂದ್ರೆ ಯಾರದ್ದು ಅಂತ ಹೇಳೋ ರೂಪ. ಕಾಲ ಕಳೀತಾ ಕೊನೆಯ ಅನುಸ್ವಾರ (ಸೊನ್ನೆ) ಬಿದ್ದೋಯ್ತು, ಮೊದಲನೇದು ಬರೀ ‘ರಾಮ’ ಆಯ್ತು, ಅದೇನೂ ತೊಂದರೆ ಇಲ್ಲ, ಆದ್ರೆ ಕರ್ಮದ ರೂಪನೂ ‘ರಾಮನ’ ಆಗಿ ಷಷ್ಠಿ ಜೊತೆ ಬೆರೆತುಹೋಗುತ್ತೆ ನೋಡಿ. ನಡುಗನ್ನಡದ ಪದ್ಯಗಳಲ್ಲಿ ಈ ಬೆರಕೆ ಸಿಗುತ್ತೆ. ಕೊನೆಗೆ ಉ ಸೇರಿದ ‘ಅನು’, ‘ಅನ್ನು’ ರೂಪ ಇದ್ದಿದ್ರಿಂದ ವ್ಯತ್ಯಾಸ ಉಳೀತು. ಈಗ ನಮ್ಮ ತುಮಕೂರು ಕಡೆ ಮಾತಲ್ಲಿ ‘ರಾಮನ್ನ ಕರಿ’, ‘ರಾಮನ ಮನೆ’ ಅಂತೀವಿ, ಒಂದು ನಕಾರದ ಒತ್ತು ಇಡೀ ವಿಭಕ್ತಿನೇ ಹೊತ್ತು ನಿಂತಿದೆ, ನನಗಂತೂ ಇದು ತುಂಬಾ ಸೊಗಸು ಅನ್ಸುತ್ತೆ.

ಉಲ್ಟಾ ದಿಕ್ಕಿಗೆ ‘ಬತ್ತಾವ್ನೆ’ ತಗೊಳ್ಳಿ. ಇದು ‘ಬರುತ್ತಾ ಅವನೆ’ ಅನ್ನೋ ಎರಡು ಪದ, ಇಲ್ಲಿ ‘ಅವನೆ’ ಅಂದ್ರೆ ಇದ್ದಾನೆ. ಅದು ಸಹಾಯಕ ಕ್ರಿಯಾಪದ ಆದ್ಮೇಲೆ ಒತ್ತಿ ಹೇಳೋ ಅಗತ್ಯ ಇರಲ್ಲ, ಹಂಗಾಗಿ ಸವೆದು ಹಿಂದಿನ ಪದಕ್ಕೆ ಅಂಟಿಕೊಂಡು ಪ್ರತ್ಯಯದ ಥರ ಆಗಿಬಿಟ್ಟಿದೆ. ಇದನ್ನ ತಪ್ಪು ಕನ್ನಡ ಅನ್ನೋರು ‘ಬಂದಿದ್ದಾನೆ’ ಕೂಡ ‘ಬಂದು ಇದ್ದಾನೆ’ ಇಂದಲೇ ಹುಟ್ಟಿದ್ದು ಅಂತ ನೆನಪಿಟ್ಕೋಬೇಕು.

ಇಂಗ್ಲಿಷಲ್ಲೂ ಪದದ ಕೊನೆಯ ಸ್ವರಗಳು ಮಂಕಾಗಿ ವಿಭಕ್ತಿಗಳು ಬಹುಪಾಲು ಹೋದ್ವು, ಪದಗಳ ಕ್ರಮ ಬಿಗಿಯಾಯ್ತು. ಸ್ವರ ಮಂಕಾಗಿದ್ದು ಮೊದಲೋ ಕ್ರಮ ಬಿಗಿಯಾಗಿದ್ದು ಮೊದಲೋ ಅಂತ ಪಂಡಿತರಲ್ಲಿ ವಾದ ಇದೆ, ನನ್ನ ಪ್ರಕಾರ ಎರಡೂ ಒಂದನ್ನೊಂದು ತಳ್ಳಿಕೊಂಡೇ ನಡೆದಿರಬೇಕು.