ಜೆಲ್ಲಿ ಮನೆಯಲ್ಲೇ ಮಾಡಿದರೆ ಪೌಷ್ಟಿಕವಾಗುತ್ತಾ?

ಪ್ರಶ್ನೆ: ನನ್ನ ಮಗಳಿಗೆ 6 ವರ್ಷ. ಜೆಲ್ಲಿ ಅಂದರೆ ಪ್ರಾಣ. ಅಂಗಡಿಯದು ಬೇಡ ಅಂತ ಜೆಲಟಿನ್ ಪುಡಿ ತಂದು, ಹಸಿ ಅನಾನಸ್ ಹಾಕಿ ಮನೆಯಲ್ಲೇ ಮಾಡಿದೆ. ರಾತ್ರಿಯೆಲ್ಲಾ ಫ್ರಿಜ್‌ನಲ್ಲಿಟ್ಟರೂ ಗಟ್ಟಿಯಾಗಲಿಲ್ಲ, ಪಾನಕದ ಹಾಗೇ ಇತ್ತು. ಏನು ತಪ್ಪಾಯಿತು? ಸಕ್ಕರೆ ಬದಲು ಬೆಲ್ಲ, ಬಣ್ಣಕ್ಕೆ ಬೀಟ್‌ರೂಟ್ ಹಾಕಿದರೆ ಪೌಷ್ಟಿಕವಾಗುತ್ತಾ?
– ಓದುಗರು, ದಾವಣಗೆರೆ

ಉತ್ತರ: ತಪ್ಪು ನಿಮ್ಮದಲ್ಲ, ಅನಾನಸ್‌ನದು. ಜೆಲಟಿನ್ ಅಂದರೆ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಪ್ರೋಟೀನ್. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ. ಅದು ಪ್ರೋಟೀನನ್ನು ತುಂಡು ತುಂಡು ಮಾಡುತ್ತದೆ. ಹಾಗಾಗಿ ಜೆಲ್ಲಿ ಕಟ್ಟುವುದೇ ಇಲ್ಲ. ಪಪ್ಪಾಯಿ, ಕಿವಿ, ಹಸಿ ಅಂಜೂರ ಹಾಕಿದರೂ ಇದೇ ಕಥೆ. ಹಣ್ಣನ್ನು ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ, ಜೆಲ್ಲಿ ಕಟ್ಟುತ್ತದೆ. ಆದರೆ ಹಣ್ಣಿನ ವಿಟಮಿನ್ ಸಿ ಕೂಡ ಒಂದಷ್ಟು ಹೋಗುತ್ತದೆ.

ಅದಕ್ಕೇ ಚೈನಾ ಗ್ರಾಸ್ ಬಳಸಿ ಅಂತೀನಿ. ಇದು ಸಮುದ್ರದ ಕೆಂಪು ಪಾಚಿಯಿಂದ ಮಾಡಿದ್ದು, ಪೂರ್ತಿ ಸಸ್ಯಾಹಾರ. ತಮಿಳುನಾಡಿನ ರಾಮೇಶ್ವರ, ಮಂಡಪಂ ಕಡೆಯ ಕಡಲಲ್ಲಿ ಮಹಿಳೆಯರು ಮುಳುಗಿ ಈ ಪಾಚಿ ಕೀಳುತ್ತಾರೆ. ಅನಾನಸ್‌ನ ಕಿಣ್ವ ಇದನ್ನು ಏನೂ ಮಾಡಲಾರದು. ಇನ್ನೊಂದು ಅನುಕೂಲವೂ ಇದೆ. ಜೆಲಟಿನ್ ಸುಮಾರು 35 ಡಿಗ್ರಿಗೇ ಕರಗುತ್ತದೆ. ದಾವಣಗೆರೆಯ ಏಪ್ರಿಲ್‌ನಲ್ಲಿ ಅದು ತಟ್ಟೆಯಲ್ಲೇ ನೀರಾಗುತ್ತದೆ. ಚೈನಾ ಗ್ರಾಸ್ 40 ಡಿಗ್ರಿಗಿಂತ ಕೆಳಗೆ ಬಂದರೆ ಸಾಕು, ಕಟ್ಟಿಕೊಳ್ಳುತ್ತದೆ. ಮತ್ತೆ ಕರಗಲು 85 ಡಿಗ್ರಿಯಾದರೂ ಬೇಕು.

ಈಗ ಪೌಷ್ಟಿಕದ ಮಾತು. ನೇರವಾಗಿ ಹೇಳಿಬಿಡುತ್ತೇನೆ: ಬರೀ ಜೆಲ್ಲಿಯಲ್ಲಿ ಏನೂ ಇಲ್ಲ. ನೀರು, ಅದನ್ನು ಹಿಡಿದಿಡುವ ಒಂದು ಪುಡಿ, ಅಷ್ಟೇ. ಚೈನಾ ಗ್ರಾಸ್ ನಾರಿನಂಶವೇನೋ ಹೌದು, ಆದರೆ ಅರ್ಧ ಲೀಟರ್‌ಗೆ ಹಾಕುವುದು 5 ಗ್ರಾಂ. ಮನೆಯಲ್ಲಿ ಮಾಡಿದ ಮಾತ್ರಕ್ಕೆ ಅದು ಪೌಷ್ಟಿಕವಾಗುವುದಿಲ್ಲ. ನೀರಿನ ಜಾಗಕ್ಕೆ ನೀವು ಏನು ತರುತ್ತೀರಿ ಅನ್ನುವುದೇ ಮುಖ್ಯ.

ನಾನಾದರೆ ಹಣ್ಣಿನ ರಸ ಹಾಕುವುದಿಲ್ಲ, ತಿರುಳನ್ನೇ ಹಾಕುತ್ತೇನೆ. ರಸ ಸೋಸಿದರೆ ನಾರು ಹೋಯಿತು, ಸಕ್ಕರೆ ಉಳಿಯಿತು. ಸೀಬೆಹಣ್ಣು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಗ್ಗದ್ದು, ಕಿತ್ತಳೆಗಿಂತ ಎಷ್ಟೋ ಜಾಸ್ತಿ ವಿಟಮಿನ್ ಸಿ ಇರುವಂಥದ್ದು. ಮಾಡುವ ಕ್ರಮ ಹೀಗೆ: 10 ಗ್ರಾಂ ಚೈನಾ ಗ್ರಾಸ್ ಪ್ಯಾಕೆಟ್‌ನಲ್ಲಿ ಅರ್ಧ ತೆಗೆದುಕೊಳ್ಳಿ. ಕತ್ತರಿಸಿ, 300 ಮಿಲಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಎಳೆ ಒಂದೂ ಕಾಣದಷ್ಟು ಕುದಿಸಿ. ಇಲ್ಲಿ ಅವಸರ ಮಾಡಿದರೆ ಜೆಲ್ಲಿ ಸಡಿಲವಾಗುತ್ತದೆ. ಒಲೆ ಆರಿಸಿ, ನಾಲ್ಕೈದು ನಿಮಿಷ ಬಿಡಿ. ಆಮೇಲೆ 200 ಮಿಲಿಯಷ್ಟು ಸೀಬೆ ತಿರುಳು, ಒಂದು ಚಮಚ ನಿಂಬೆರಸ ಸೇರಿಸಿ. ಬೀಜ ಸೋಸಿಕೊಳ್ಳಿ, ಸಿಪ್ಪೆ ಇರಲಿ. ತಿರುಳು ಫ್ರಿಜ್‌ನಿಂದ ತೆಗೆದ ತಣ್ಣನೆಯದಾಗಿದ್ದರೆ ತಕ್ಷಣ ಗಂಟು ಗಂಟಾಗುತ್ತದೆ, ಹೊರಗಿಟ್ಟು ಹದಕ್ಕೆ ತನ್ನಿ. ನಿಂಬೆರಸವನ್ನು ಮೊದಲೇ ಹಾಕಿ ಕುದಿಸಬೇಡಿ. ಹುಳಿಯಲ್ಲಿ ಕುದಿದರೆ ಚೈನಾ ಗ್ರಾಸ್‌ನ ಕಟ್ಟುವ ಶಕ್ತಿ ಕಡಿಮೆಯಾಗುತ್ತದೆ, ವಿಟಮಿನ್ನೂ ಹಾಳು.

ಹಾಲಿನ ಜೆಲ್ಲಿ ಇದಕ್ಕಿಂತ ಹೊಟ್ಟೆ ತುಂಬುವಂಥದ್ದು. ನೀರು ಕಡಿಮೆ ಮಾಡಿ, ಸ್ವಲ್ಪದರಲ್ಲೇ ಚೈನಾ ಗ್ರಾಸ್ ಕರಗಿಸಿ, ಅರ್ಧ ಲೀಟರ್ ಬಿಸಿ ಹಾಲು, ಅರೆದ ಖರ್ಜೂರ, ಬಾದಾಮಿ ಪುಡಿ ಸೇರಿಸಿ. ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಹಾಲಿನಿಂದಲೇ ಸುಮಾರು 150 ಮಿಲಿಗ್ರಾಂ ಕ್ಯಾಲ್ಸಿಯಂ ಸಿಗುತ್ತದೆ. ಇದನ್ನು ಮಾತ್ರ ಬೇಸಿಗೆಯಲ್ಲಿ ಟಿಫಿನ್ ಬಾಕ್ಸ್‌ಗೆ ಹಾಕಬೇಡಿ. ಜೆಲ್ಲಿ ಕರಗದಿದ್ದರೂ ಹಾಲು ಕೆಡುತ್ತದೆ.

ಬೆಲ್ಲದ ವಿಷಯದಲ್ಲಿ ನಿಮಗೆ ಬೇಸರವಾಗಬಹುದು. ಬೆಲ್ಲದಲ್ಲಿ ಖನಿಜಾಂಶ ಒಂದಿಷ್ಟು ಇದೆ, ನಿಜ. ಆದರೆ ಎರಡು ಚಮಚದಲ್ಲಿ ಬರುವುದು ಅತ್ಯಲ್ಪ. ಕ್ಯಾಲರಿಯಲ್ಲಿ ಸಕ್ಕರೆಗೂ ಬೆಲ್ಲಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ರುಚಿಗೆ ಬೇಕಾದರೆ ಬೆಲ್ಲ ಹಾಕಿ, ಆರೋಗ್ಯದ ಹೆಸರಲ್ಲಿ ಎರಡು ಚಮಚ ಜಾಸ್ತಿ ಹಾಕಬೇಡಿ. ಸಕ್ಕರೆಯಂಥ ಸಿಹಿ ದಿನದ ಕ್ಯಾಲರಿಯ 10%ಗಿಂತ ಕಡಿಮೆ ಇರಲಿ, 5% ಒಳಗಿದ್ದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಈ ಲೆಕ್ಕದಲ್ಲಿ ಜೇನು, ಹಣ್ಣಿನ ರಸದ ಸಿಹಿಯೂ ಸೇರಿದೆ. ದಿನಕ್ಕೆ 1400 ಕ್ಯಾಲರಿ ಬೇಕಾಗುವ ಮಗುವಿಗೆ 5% ಅಂದರೆ ಸುಮಾರು 17 ಗ್ರಾಂ, ನಾಲ್ಕು ಟೀ ಚಮಚ. ಬೆಳಗಿನ ಹಾಲಿಗೆ ಎರಡು ಹೋದರೆ ಉಳಿದಿದ್ದೆಷ್ಟು, ನೀವೇ ನೋಡಿ.

ಸಮಾಧಾನದ ಸಂಗತಿ ಏನೆಂದರೆ, ಚೈನಾ ಗ್ರಾಸ್ ಜೆಲ್ಲಿ ಕಟ್ಟಲು ಸಕ್ಕರೆ ಬೇಕಿಲ್ಲ. ಬ್ರೆಡ್‌ಗೆ ಸವರುವ ಸೀಬೆ ಜೆಲ್ಲಿ ಹಾಗಲ್ಲ. ಅದು ಹಣ್ಣಿನ ಪೆಕ್ಟಿನ್‌ನಿಂದ ಕಟ್ಟುವುದು, ಅದಕ್ಕೆ ಹುಳಿಯ ಜೊತೆ ರಾಶಿ ಸಕ್ಕರೆ ಬೇಕು. ಅಲ್ಲಿ ಸಕ್ಕರೆ ಕಡಿಮೆ ಮಾಡಿದರೆ ನೀರಾಗುತ್ತದೆ. ನೀವು ವಾರ ವಾರ ಸ್ವಲ್ಪ ಸ್ವಲ್ಪ ಸಿಹಿ ಇಳಿಸುತ್ತಾ ಬನ್ನಿ, ಮಗಳಿಗೆ ಗೊತ್ತೂ ಆಗುವುದಿಲ್ಲ.

ಬಣ್ಣಕ್ಕೆ ಬೀಟ್‌ರೂಟ್ ಚೆನ್ನಾಗಿದೆ. ಎರಡು ಹೋಳು ಸಾಕು. ಜಾಸ್ತಿ ಕುದಿಸಿದರೆ ಬಣ್ಣ ಮಂಕಾಗುತ್ತದೆ. ಅದರಿಂದ ರಕ್ತ ಹೆಚ್ಚುತ್ತದೆ ಅಂತ ಲೆಕ್ಕ ಹಾಕಬೇಡಿ, ಎರಡು ಹೋಳಿನಿಂದ ಬರುವುದು ಬಣ್ಣ ಮಾತ್ರ. ಮರುದಿನ ಮಗುವಿನ ಮೂತ್ರ ಕೆಂಪಗೆ ಕಂಡರೆ ಗಾಬರಿಯಾಗಬೇಡಿ, ಕೆಲವರಿಗೆ ಬೀಟ್‌ರೂಟ್ ತಿಂದಾಗ ಹಾಗಾಗುತ್ತದೆ. ಕರಾವಳಿ ಕಡೆಯ ನೆಂಟರಿದ್ದರೆ ಒಣ ಪುನರ್ಪುಳಿ ತರಿಸಿಕೊಳ್ಳಿ, ಬಣ್ಣವೂ ಹುಳಿಯೂ ಒಟ್ಟಿಗೇ ಬರುತ್ತದೆ. ಶಂಖಪುಷ್ಪ ಹೂವಿನ ನೀಲಿ ನೀರಿಗೆ ನಿಂಬೆ ಹಿಂಡಿದರೆ ನೇರಳೆಯಾಗುತ್ತದೆ. ಇದನ್ನು ಮಗಳ ಕೈಯಲ್ಲೇ ಮಾಡಿಸಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತಲ್ಲ, ಆಮೇಲಿಂದ ತಾಯಂದಿರು ಬಣ್ಣದ ಬಗ್ಗೆ ಕೇಳುವುದು ಜಾಸ್ತಿಯಾಗಿದೆ. ಒಳ್ಳೆಯದೇ. ಪ್ಯಾಕೆಟ್ ಕೊಳ್ಳಲೇಬೇಕಾದರೆ ಹಿಂದೆ ತಿರುಗಿಸಿ ಓದಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರೆದಿರುತ್ತಾರೆ. ಬಣ್ಣ, ಗಟ್ಟಿ ಮಾಡುವ ಪುಡಿಗಳನ್ನು ಐಎನ್‌ಎಸ್ (INS) ಎಂಬ ಸಂಖ್ಯೆಯಲ್ಲಿ ಬರೆದಿರುತ್ತಾರೆ. 102, 110, 122 ಇದ್ದರೆ ಅವು ಕೃತಕ ಬಣ್ಣ. 406 ಅಂದರೆ ಚೈನಾ ಗ್ರಾಸ್, 440 ಅಂದರೆ ಪೆಕ್ಟಿನ್.

ಪ್ರಶ್ನೆ: ನಮ್ಮತ್ತೆಗೆ ಶುಗರ್ ಇದೆ. ರಾಗಿ ಒಳ್ಳೆಯದಲ್ವಾ, ಅದಕ್ಕೆ ರಾಗಿ ಹಾಲುಬಾಯಿ ಧಾರಾಳವಾಗಿ ತಿನ್ನುತ್ತಾರೆ. ಪರವಾಗಿಲ್ವಾ?
– ಓದುಗರು, ಶಿವಮೊಗ್ಗ

ಉತ್ತರ: ಧಾರಾಳವಾಗಿ ಬೇಡ. ಹಾಲುಬಾಯಿಗೆ ರಾಗಿ ನೆನೆಸಿ, ರುಬ್ಬಿ, ಹಾಲು ಮಾತ್ರ ಹಿಂಡಿ ತೆಗೆಯುತ್ತೇವೆ. ಪಿಷ್ಟ ಹಾಲಿನಲ್ಲಿ ಬರುತ್ತದೆ. ರಾಗಿಯ ನಾರು ಮತ್ತು ಕ್ಯಾಲ್ಸಿಯಂನ ದೊಡ್ಡ ಪಾಲು ಹೊಟ್ಟಿನಲ್ಲಿದೆ, ಅದನ್ನು ಬಟ್ಟೆಯಲ್ಲೇ ಬಿಟ್ಟು ಎಸೆಯುತ್ತೇವೆ. ಅದರ ಮೇಲೆ ಬೆಲ್ಲ. ರಾಗಿಯ ಹೆಸರು ಉಳಿಯಿತೇ ಹೊರತು ಗುಣ ಅರ್ಧ ಹೋಯಿತು.

ಸೋಸದೆ ಮಾಡಿ ನೋಡಿ. ನುಣ್ಣಗೆ ಬೀಸಿದ, ಜರಡಿ ಹಿಡಿಯದ ರಾಗಿ ಹಿಟ್ಟನ್ನು ನೀರಲ್ಲಿ ಕದಡಿ, ತೆಂಗಿನ ಹಾಲು, ಬೆಲ್ಲ ಅರ್ಧಕ್ಕರ್ಧ ಕಡಿಮೆ, ಏಲಕ್ಕಿ ಹಾಕಿ ತಳ ಬಿಡುವವರೆಗೆ ಕೈಯಾಡಿಸಿ. ಅಷ್ಟು ನಯವಾಗಿ ಬರುವುದಿಲ್ಲ, ಒಂಚೂರು ತರಿ ಇರುತ್ತದೆ. ಮಕ್ಕಳಿಗೆ ಇದು ಚೆನ್ನಾಗಿದೆ. ಅತ್ತೆಯವರಿಗೆ ಒಂದು ಸಣ್ಣ ತುಂಡು, ಅದೂ ಊಟದ ಅನ್ನ ಅಥವಾ ಮುದ್ದೆ ಅಷ್ಟು ಕಡಿಮೆ ಮಾಡಿ.

ಸಿಹಿ ಬೇಕೇ ಬೇಕು ಅನ್ನಿಸಿದ ದಿನ ಎಳನೀರಿನ ಜೆಲ್ಲಿ ಮಾಡಿಕೊಡಿ. ಸಕ್ಕರೆ ಹಾಕಬೇಡಿ, ಗಂಜಿ ಚೂರು, ನೆನೆಸಿದ ಕಾಮಕಸ್ತೂರಿ ಬೀಜ ಹಾಕಿ. ಎಳನೀರಲ್ಲೂ ಸ್ವಲ್ಪ ಸಕ್ಕರೆ ಇರುತ್ತದೆ, ಹಾಗಾಗಿ ಒಂದು ಚಿಕ್ಕ ಬಟ್ಟಲು ಮಾತ್ರ. ಕಿಡ್ನಿ ತೊಂದರೆಯೂ ಇದ್ದರೆ ಎಳನೀರಿನ ಪೊಟ್ಯಾಶಿಯಂ ಆಗಿಬರುವುದಿಲ್ಲ, ಡಾಕ್ಟರನ್ನು ಕೇಳದೆ ಕೊಡಬೇಡಿ.

ಪ್ರಶ್ನೆ: 10 ತಿಂಗಳ ಮಗುವಿಗೆ ಜೇನು ಹಾಕಿದ ಜೆಲ್ಲಿ ಕೊಡಬಹುದೇ?
– ಓದುಗರು, ಹಾಸನ

ಉತ್ತರ: ಎರಡೂ ಬೇಡ. ಒಂದು ವರ್ಷ ತುಂಬುವವರೆಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳನ್ನು ಎಳೆ ಮಗುವಿನ ಕರುಳು ತಡೆಯಲಾರದು. ಇನ್ನು ಜೆಲ್ಲಿ ಜಾರುವ ವಸ್ತು, ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಕೊಂಜಾಕ್ ಗೆಡ್ಡೆಯ ಪುಡಿಯಿಂದ ಮಾಡಿ, ಪುಟ್ಟ ಕಪ್‌ನಿಂದ ಹೀರುವ ಜೆಲ್ಲಿಗಳನ್ನು ಇದೇ ಕಾರಣಕ್ಕೆ ಐರೋಪ್ಯ ಒಕ್ಕೂಟ 2002ರಲ್ಲೇ ಮಾರುಕಟ್ಟೆಯಿಂದ ತೆಗೆಸಿತು. ಸದ್ಯಕ್ಕೆ ಮಾಗಿದ ಬಾಳೆಹಣ್ಣನ್ನೋ ಬೇಯಿಸಿದ ಸೇಬನ್ನೋ ಹಿಸುಕಿ ಕೊಡಿ. ನಾಲ್ಕೈದು ವರ್ಷ ಆಗುವವರೆಗೆ ಮೆತ್ತನೆಯ ಜೆಲ್ಲಿಯನ್ನೂ ಚಮಚದಲ್ಲಿ ಪುಡಿ ಮಾಡಿ, ಮಗುವನ್ನು ಕೂರಿಸಿ, ಎದುರಿಗೇ ಇದ್ದು ತಿನ್ನಿಸಿ.