ಎರಡು ಶಾಕರ್ ಬೇಡ, ಅಳತೆ ಸರಿ ಇರಲಿ

ಪ್ರಶ್ನೆ: ನನ್ನ ವಯಸ್ಸು 26, ಎತ್ತರ 5 ಅಡಿ 2 ಇಂಚು. ಭಾನುವಾರ ತುರಹಳ್ಳಿ ಕಾಡಿನ ಕಡೆ ಮಣ್ಣಿನ ದಾರಿಯಲ್ಲಿ ಸೈಕಲ್ ಓಡಿಸಬೇಕು, ವಾರದಲ್ಲಿ ಎರಡು ದಿನ ಜಯನಗರದ ಆಫೀಸಿಗೂ ಅದರಲ್ಲೇ ಹೋಗಬೇಕು ಅಂತ ಆಸೆ. ಸ್ಕೂಲಿಗೆ ಹೋಗುವಾಗ ಓಡಿಸಿದ್ದೇ ಕೊನೆ, ಗೇರ್ ಸೈಕಲ್ ಮುಟ್ಟಿಲ್ಲ. 18,000 ರೂಪಾಯಿ ಕೂಡಿಟ್ಟಿದ್ದೇನೆ. ಹಿಂದೆ ಮುಂದೆ ಎರಡು ಕಡೆ ಶಾಕರ್, ಡಿಸ್ಕ್ ಬ್ರೇಕ್, 21 ಗೇರ್ ಇರುವ ಸೈಕಲ್ಲನ್ನು ಅಂಗಡಿಯವರು 13,500ಕ್ಕೆ ಕೊಡುತ್ತಾರಂತೆ. ನಮ್ಮ ಮಾವ 29 ಇಂಚಿನ ಚಕ್ರದ್ದೇ ತಗೋ ಅನ್ನುತ್ತಾರೆ. ಯಾವುದು ಕೊಳ್ಳಲಿ?
– ಓದುಗರು, ಉತ್ತರಹಳ್ಳಿ

ಉತ್ತರ: ಆ ಎರಡು ಶಾಕರ್ ಸೈಕಲ್ ಬೇಡಮ್ಮ. ನೋಡೋಕೆ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ 22 ವರ್ಷದಿಂದ ತ್ಯಾಗರಾಜನಗರದಲ್ಲಿ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಈ ಜಾತಿಯ ಸೈಕಲ್ ಒಂದು ಮಳೆಗಾಲ ಕಳೆದ ಮೇಲೆ ಹೇಗೆ ಬರುತ್ತದೆ ಅಂತ ನನಗೆ ಗೊತ್ತು.

ಹಿಂದಿನ ಶಾಕರ್ ಕೆಲಸ ಮಾಡಬೇಕಾದರೆ ಸ್ಪ್ರಿಂಗ್ ಒಂದೇ ಸಾಲದು. ಅಮುಕಿದ ಸ್ಪ್ರಿಂಗ್ ಪಟ್ಟನೆ ಪುಟಿಯದ ಹಾಗೆ ಹಿಡಿಯುವ ಎಣ್ಣೆ ಒಳಗೆ ಇರಬೇಕು, ಫ್ರೇಮಿನ ಕೀಲುಗಳಲ್ಲಿ ಒಳ್ಳೆ ಬೇರಿಂಗ್ ಇರಬೇಕು. ಅಂಥ ಸೈಕಲ್ಲಿಗೆ ಲಕ್ಷದ ಮೇಲೆ ಕೊಡಬೇಕು. ಈ ಬೆಲೆಗೆ ಸಿಗುವುದರಲ್ಲಿ ಇರುವುದು ಬರೀ ಸ್ಪ್ರಿಂಗ್. ಪೆಡಲ್ ತುಳಿದಾಗಲೆಲ್ಲ ಸೀಟು ಮೇಲೆ ಕೆಳಗೆ ಆಡುತ್ತದೆ. ನಿಮ್ಮ ಕಾಲಿನ ಶಕ್ತಿ ಒಂದಿಷ್ಟು ಅಲ್ಲೇ ಸೋರಿಹೋಗುತ್ತದೆ. ಕಬ್ಬಿಣದ ಫ್ರೇಮ್ ಸೇರಿ ತೂಕ 17, 18 ಕೆ.ಜಿ. ಮುಟ್ಟುತ್ತದೆ. ಮಣ್ಣು ನೀರು ಹೋಗಿ ಕೀಲಿನ ಬುಷ್ ಸವೆದ ಮೇಲೆ ಸೈಕಲ್ ಕಟಕಟ ಅನ್ನುತ್ತದೆ. ಆಮೇಲೆ ನಾನು ಎಷ್ಟು ಬಿಗಿ ಮಾಡಿದರೂ ಅದು ನಿಲ್ಲುವುದಿಲ್ಲ.

ನಿಮಗೆ ಬೇಕಾಗಿರುವುದು ಅಲಾಯ್ ಫ್ರೇಮ್, ಮುಂದೆ ಮಾತ್ರ ಶಾಕರ್. ಆ ಶಾಕರ್ ಕೂಡ ತೀರಾ ಸಾಧಾರಣ ಅನ್ನಿಸಿದರೆ, ಶಾಕರೇ ಇಲ್ಲದ ಗಟ್ಟಿ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ವಾಸಿ. ಅಂಗಡಿಯಲ್ಲಿ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಬಿಟ್ಟು ಅಮುಕಿ ನೋಡಿ. ಸಲೀಸಾಗಿ ಇಳಿದು ಸಲೀಸಾಗಿ ಏಳಬೇಕು. ನಡುವೆ ಸಿಕ್ಕಿಕೊಂಡರೆ, ಮೇಲೆ ಬಂದಾಗ ಟಕ್ ಅಂತ ಹೊಡೆದರೆ ಬೇಡ.

ಇನ್ನು ಚಕ್ರ. ಮಾವ ಹೇಳಿದ್ದು ಸುಳ್ಳಲ್ಲ. 29 ಇಂಚಿನ ಚಕ್ರ ಕಲ್ಲು ಗುಂಡಿಯ ಮೇಲೆ ಸುಲಭವಾಗಿ ಉರುಳುತ್ತದೆ. ಆದರೆ ನಿಮ್ಮ ಎತ್ತರಕ್ಕೆ 27.5 ಇಂಚಿನ ಚಕ್ರ, ಎಸ್ ಅಳತೆಯ ಫ್ರೇಮ್ ಕೈಗೆ ಹೆಚ್ಚು ಒಗ್ಗುತ್ತದೆ. ಬೇರೆ ಎಲ್ಲದಕ್ಕಿಂತ ಈ ಅಳತೆ ಮುಖ್ಯ. ಯಾಕೆ ಅಂತ ಹೇಳುತ್ತೇನೆ.

ತುಂಬಾ ವರ್ಷದ ಹಿಂದೆ ನಿಮ್ಮಷ್ಟೇ ಎತ್ತರದ ಹುಡುಗಿಯೊಬ್ಬಳು ಹೊಸ ಸೈಕಲ್ ತಂದು ಸೀಟು ಇನ್ನಷ್ಟು ಇಳಿಸಿ ಅಂದಳು. ಫ್ರೇಮ್ 18 ಇಂಚಿನದು, ಅವಳ ಎತ್ತರಕ್ಕೆ ದೊಡ್ಡದು. ಆಫರ್‌ನಲ್ಲಿ ಅದೊಂದೇ ಉಳಿದಿತ್ತಂತೆ. ಸೀಟು ಪೂರ್ತಿ ಇಳಿಸಿದರೂ ಸಿಗ್ನಲ್‌ನಲ್ಲಿ ಇಳಿದು ನಿಂತರೆ ಫ್ರೇಮಿನ ಮೇಲಿನ ಪೈಪು ಅವಳಿಗೆ ತಾಗುತ್ತಿತ್ತು. ಆರು ತಿಂಗಳಿಗೆ ಅದೇ ಸೈಕಲ್ ಮಾರಿಕೊಡಿ ಅಂತ ವಾಪಸ್ ಬಂತು. ಹೊಸ ಟೈರಿನ ಮೇಲೆ ರಬ್ಬರಿನ ಸಣ್ಣ ಕೂದಲು ಇರುತ್ತದಲ್ಲ, ಅದಿನ್ನೂ ಉದುರಿರಲಿಲ್ಲ. ನನಗೆ ಇವತ್ತಿಗೂ ಬೇಜಾರಾಗುತ್ತದೆ. ಅವಳಿಗೆ ಸೈಕಲ್ ಇಷ್ಟ ಇರಲಿಲ್ಲ ಅಂತಲ್ಲ. ಅವಳಿಗೆ ಸರಿಯಾದ ಸೈಕಲ್ ಯಾರೂ ಕೊಡಲೇ ಇಲ್ಲ.

ಅದಕ್ಕೆ ಬೆಲೆ ಕೇಳುವ ಮೊದಲು ಶೂ ಹಾಕಿಕೊಂಡು ಸೈಕಲ್ಲಿನ ಎರಡೂ ಪಕ್ಕ ಕಾಲು ಊರಿ ನಿಲ್ಲಿ. ಮೇಲಿನ ಪೈಪಿಗೂ ನಿಮಗೂ ನಡುವೆ ಎರಡು ಮೂರು ಇಂಚು ಜಾಗ ಇರಬೇಕು. ಮಣ್ಣಿನ ದಾರಿಯಲ್ಲಿ ದಿಢೀರ್ ಅಂತ ಇಳಿಯಬೇಕಾಗುತ್ತದೆ. ಆಮೇಲೆ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿರುವ ಪೆಡಲ್ ಮೇಲಿಡಿ. ಕಾಲು ಆಗ ನೆಟ್ಟಗಾದರೆ ಸೀಟಿನ ಎತ್ತರ ಸರಿ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಲಿ. ಅಂಗಡಿಯವರು ಸುಮ್ನೆ ಒಂದು ಸುತ್ತು ಓಡಿಸೋಕೆ ಬಿಡದಿದ್ದರೆ ಬೇರೆ ಅಂಗಡಿ ನೋಡಿ.

21 ಗೇರ್ ಅನ್ನುವ ಲೆಕ್ಕಕ್ಕೆ ಮರುಳಾಗಬೇಡಿ. ಮುಂದೆ 3, ಹಿಂದೆ 7, ಗುಣಿಸಿ 21 ಅಂತಾರೆ, ಅಷ್ಟೇ. ಏರು ಹತ್ತಿಸುವುದು ಹಿಂದಿನ ದೊಡ್ಡ ಹಲ್ಲಿನ ಚಕ್ರ. ಅದರಲ್ಲಿ 34 ಹಲ್ಲು ಇದ್ದರೆ ಒಳ್ಳೆಯದು, 28 ಇದ್ದರೆ ತುರಹಳ್ಳಿಯ ಏರಿನಲ್ಲಿ ತೊಡೆ ಹಿಡಿಯುತ್ತದೆ. ಅಂಗಡಿಯಲ್ಲಿ ಇನ್ನೊಂದು ಮಾತು ಕೇಳಿ: ‘ಹಿಂದೆ ಫ್ರೀವೀಲಾ, ಕ್ಯಾಸೆಟ್ಟಾ?’ ಹಿಂದಿನ ಹಲ್ಲಿನ ಚಕ್ರಗಳು ಹಬ್ಬಿಗೆ, ಅಂದರೆ ಚಕ್ರದ ನಡುವಿನ ಭಾಗಕ್ಕೆ, ಕೂರುವ ಎರಡು ಬಗೆ ಅವು. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ತುಂಬಾ ಒಳಗೆ ಕೂತಿರುತ್ತದೆ. ಹೊರಗೆ ಉಳಿದ ಆಕ್ಸೆಲ್ಲಿಗೆ ಆಸರೆ ಇಲ್ಲ. ಗುಂಡಿಗೆ ಬಿದ್ದು ಬಿದ್ದು ಅದು ಬಾಗುತ್ತದೆ, ಒಮ್ಮೊಮ್ಮೆ ತುಂಡಾಗುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ತುದಿಯ ಹತ್ತಿರ ಇರುವುದರಿಂದ ಈ ತೊಂದರೆ ಕಡಿಮೆ. ನಿಮ್ಮ ದುಡ್ಡಿನಲ್ಲಿ ಕ್ಯಾಸೆಟ್ ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೂ ಯೋಚನೆ ಬೇಡ, ನಿಮ್ಮ ತೂಕ ಜಾಸ್ತಿ ಇಲ್ಲದಿದ್ದರೆ ಫ್ರೀವೀಲೂ ವರ್ಷಗಟ್ಟಲೆ ಬರುತ್ತದೆ. ಗೇರ್ ಶಿಮಾನೋ ಕಂಪನಿಯ ಟೂರ್ನಿ ಆದರೆ ಸಾಕು. ಅವರ ಸಾಲಿನಲ್ಲಿ ಅದು ಕೆಳಗಿನದು, ಆದರೆ ಬಿಡಿಭಾಗ ಸುಲಭವಾಗಿ ಸಿಗುತ್ತದೆ.

ಬ್ರೇಕ್ ಡಿಸ್ಕೇ ಆಗಬೇಕು ಅಂತೇನಿಲ್ಲ. ರಿಮ್ ಹಿಡಿಯುವ ಒಳ್ಳೆ ವಿ ಬ್ರೇಕ್ ನಿಮ್ಮನ್ನು ಚೆನ್ನಾಗಿ ನಿಲ್ಲಿಸುತ್ತದೆ, ಅದರ ರಬ್ಬರ್ ಯಾವ ಅಂಗಡಿಯಲ್ಲೂ ಸಿಗುತ್ತದೆ. ಮಳೆಯಲ್ಲಿ ಕೆಂಪು ಮಣ್ಣು ರಿಮ್ಮಿಗೆ ಮೆತ್ತಿಕೊಂಡಾಗ ಮಾತ್ರ ಡಿಸ್ಕ್ ಮೇಲು.

18,000 ಪೂರ್ತಿ ಸೈಕಲ್ಲಿಗೇ ಸುರಿಯಬೇಡಿ. 15,000ದ ಒಳಗೆ ಮುಗಿಸಿ. ಉಳಿದದ್ದರಲ್ಲಿ ಮೊದಲು ಹೆಲ್ಮೆಟ್. ಆಮೇಲೆ ಒಂದು ಸಣ್ಣ ಪಂಪು, ಒಂದು ಟ್ಯೂಬು, ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್, ಮುಂದೆ ಹಿಂದೆ ದೀಪ, ಬೀಗ. ಇನ್ನೂ ನೂರಿನ್ನೂರು ಉಳಿದರೆ ಆ ಸೈಕಲ್ಲಿನದೇ ಒಂದು ಹ್ಯಾಂಗರ್ ತೆಗೆದಿಡಿ. ಹಿಂದಿನ ಗೇರ್ ಫ್ರೇಮಿಗೆ ಸೇರುವ ಸಣ್ಣ ತುಂಡು ಅದು. ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ. ಒಂದು ಮಾಡೆಲ್ಲಿನದು ಇನ್ನೊಂದಕ್ಕೆ ಹೊಂದುವುದಿಲ್ಲ, ಹುಡುಕೋಕೆ ಹೋದರೆ ವಾರಗಟ್ಟಲೆ ಆಗುತ್ತದೆ.

ಕೊಂಡ ಒಂದು ತಿಂಗಳಿಗೆ ಸರ್ವಿಸಿಗೆ ತಪ್ಪದೆ ಕೊಡಿ. ಹೊಸ ಸೈಕಲ್ಲಿನ ಕೇಬಲ್ ಸಡಿಲ ಆಗುತ್ತದೆ, ಸ್ಪೋಕ್ ಕೂಡ. ಆಗಲೇ ಬಿಗಿ ಮಾಡಿದರೆ ರಿಮ್ ಬೆಂಡ್ ಬರುವುದಿಲ್ಲ.

ತುರಹಳ್ಳಿ ಅರಣ್ಯ ಇಲಾಖೆಯ ಕಾಡು. ಒಳಗೆ ಸೈಕಲ್ ಬಿಡುತ್ತಾರಾ, ಯಾವ ಕಡೆ ಬಿಡುತ್ತಾರೆ ಅಂತ ಅಲ್ಲಿ ಕೇಳಿಕೊಂಡೇ ಹೋಗಿ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಕಾಡು ಕಾಡಾಗಿಯೇ ಇರಲಿ ಅಂತ ತುಂಬಾ ಜನ ದನಿ ಎತ್ತಿದರು, ಸೈಕಲ್ ಸವಾರರೂ ಇದ್ದರು. ಹಾಗಾಗಿ ಇರುವ ಕಾಲುದಾರಿ ಬಿಟ್ಟು ಹೊಸ ದಾರಿ ಮಾಡಬೇಡಿ. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಸೀಟಿನಿಂದ ಎದ್ದು ಮೈಯನ್ನು ಹಿಂದಕ್ಕೆ ತನ್ನಿ, ಮುಂದಿನ ಬ್ರೇಕ್ ಮೆಲ್ಲಗೆ ಒತ್ತಿ. ಮೊದಲ ಎರಡು ಭಾನುವಾರ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಮಗನಿಗೆ 16 ವರ್ಷ, ಎಂಟಿಬಿ (ಮೌಂಟನ್ ಬೈಕ್, ಮಣ್ಣು ಗುಡ್ಡದ ದಾರಿಯ ಸೈಕಲ್) ಬೇಕಂತೆ. ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಮೂರು ವರ್ಷ ಹಳೆಯದು 7,000ಕ್ಕೆ ಕೊಡುತ್ತಾರೆ. ಸೆಕೆಂಡ್ ಹ್ಯಾಂಡ್ ತಗೋಬಹುದಾ?
– ಓದುಗರು, ರಾಜಾಜಿನಗರ

ಉತ್ತರ: ಖಂಡಿತ ತಗೊಳ್ಳಿ ಸಾರ್, ಅಳತೆ ಸರಿ ಇದ್ದರೆ. ಈ ಊರಿನಲ್ಲಿ ಎಷ್ಟೋ ಒಳ್ಳೆ ಸೈಕಲ್‌ಗಳು ಪಾರ್ಕಿಂಗ್‌ನಲ್ಲಿ ಧೂಳು ತಿನ್ನುತ್ತಾ ನಿಂತಿವೆ. ಧೂಳಿಗೆ, ಗಾಳಿ ಹೋದ ಟೈರಿಗೆ ಹೆದರಬೇಡಿ. ಫ್ರೇಮಿನ ಬೆಸುಗೆಯ ಹತ್ತಿರ ಬಿರುಕು ಇದೆಯಾ ಅಂತ ಒರೆಸಿ ನೋಡಿ, ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಚಕ್ರ ಎತ್ತಿ ತಿರುಗಿಸಿ, ಓಲಾಡುತ್ತದಾ ನೋಡಿ. ಮುಂದಿನ ಹಲ್ಲಿನ ಚಕ್ರದ ಮೇಲಿರುವ ಚೈನನ್ನು ಎದುರುಗಡೆಯಿಂದ ಬೆರಳಲ್ಲಿ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಚೈನ್ ಸವೆದಿದೆ, ಜೊತೆಗೆ ಹಿಂದಿನ ಹಲ್ಲುಗಳೂ ಹೋಗಿರಬಹುದು. ಅದಕ್ಕೆ ಆಗುವ ಖರ್ಚನ್ನು ಬೆಲೆಯಲ್ಲಿ ಬಿಡಿಸಿಕೊಳ್ಳಿ. ಬಿಲ್ ಕೇಳಿ ಇಸಿದುಕೊಳ್ಳಿ. ಸೈಕಲ್ ತಲೆಕೆಳಗು ಮಾಡಿದರೆ ಪೆಡಲ್ ತಿರುಗುವ ಜಾಗದ ತಳದಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಹೊಡೆದಿರುತ್ತಾರೆ. ಬಿಲ್ಲಿನಲ್ಲಿ ನಂಬರ್ ಇದ್ದರೆ ತಾಳೆ ನೋಡಿ, ಆಮೇಲೆ ದುಡ್ಡು ಕೊಡಿ.