ಜಾಕ್ ತಾನಾಗಿ ಇಳಿಯುತ್ತಿದ್ದರೆ

ಎತ್ತಿದ ಸ್ವಿಫ್ಟ್ ಕಾರು ಮೆಲ್ಲಗೆ ಕೆಳಗಿಳಿಯುತ್ತಿದೆ ಅಂದರೆ ಟ್ರಾಲಿ ಜಾಕ್‌ನ (ಚಕ್ರವಿರುವ ಹೈಡ್ರಾಲಿಕ್ ಜಾಕ್) ರಿಲೀಸ್ ವಾಲ್ವ್‌ನಲ್ಲಿ, ಅಂದರೆ ಇಳಿಸಲು ತೆರೆಯುವ ವಾಲ್ವ್‌ನಲ್ಲಿ, ಕಸ ಸಿಕ್ಕಿರಬಹುದು. ಭಾರವಿಲ್ಲದೆ ವಾಲ್ವ್ ತೆರೆದು ಹಿಡಿಕೆಯನ್ನು ಹತ್ತಾರು ಸಲ ಪಂಪ್ ಮಾಡಿ, ಬಿಗಿ ಮಾಡಿ. ಜಾಕ್ ಪೂರ್ತಿ ಇಳಿದಿರುವಾಗ ಎಣ್ಣೆ ನೋಡಿ. ಕಮ್ಮಿಯಿದ್ದರೆ ಜಾಕ್ ಆಯಿಲ್ಲೇ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ಸೀಲ್ ಹಾಳು. ಆಮೇಲೂ ಇಳಿದರೆ ಸೀಲ್ ಸವೆದಿರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಹೊಸ ಜಾಕ್ ಕೊಳ್ಳುವುದಾದರೆ 2 ಟನ್ನಿನದು ಧಾರಾಳ.

ಆದರೆ ಮೊದಲು ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡ್ ಜೋಡಿ ತನ್ನಿ, ಲಾಕ್ ಪಿನ್ ಇರುವಂಥದ್ದು. ಜಾಕ್ ಎಷ್ಟೇ ಚೆನ್ನಾಗಿದ್ದರೂ ಎತ್ತುವುದಕ್ಕಷ್ಟೇ. ಸಮತಟ್ಟಾದ ಗಟ್ಟಿ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು ಮುಂಭಾಗ ಎತ್ತಿ. ಮುಂದಿನ ಚಕ್ರದ ಹಿಂದೆ, ಬಾಗಿಲ ಕೆಳಗಿನ ಅಂಚಿನಲ್ಲಿ ಗುರುತಿರುವ ಕಡೆ ಸ್ಟ್ಯಾಂಡ್ ಕೂರಿಸಿ. ಸ್ಟ್ಯಾಂಡ್ ಬದಲು ಸಿಮೆಂಟಿನ ಹಾಲೋ ಬ್ಲಾಕ್ ಬೇಡವೇ ಬೇಡ, ಏಕಾಏಕಿ ಒಡೆಯುತ್ತದೆ. ಕೆಳಗೆ ನುಸುಳುವ ಮುಂಚೆ ಗಾಡಿಯನ್ನು ಪಕ್ಕದಿಂದ ಒಮ್ಮೆ ಅಲ್ಲಾಡಿಸಿ ನೋಡಿ.